ಬಲದ ದೀಪದ ಮೇಲಿನ ಹೆಸರು

ಹೊಸ ಸೊಸೆ ಮನೆಗೆ ಬಂದು ಇನ್ನೂ ಎಂಟು ದಿನ. ಯುಗಾದಿ ಹತ್ತಿರ ಬಂತೆಂದು ನಿನ್ನೆ ಮಧ್ಯಾಹ್ನ ಅಟ್ಟದ ಮೇಲಿನ ಹಿತ್ತಾಳೆ ಸಾಮಾನನ್ನೆಲ್ಲ ಇಳಿಸಿಕೊಂಡು, ಹಿತ್ತಲಿನ ನಳದ ಹತ್ತಿರ ಕುಳಿತು, ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ನಾನು ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದೆ. ಹಿತ್ತಾಳೆಗೆ ಹುಣಸೆ ತಾಗಿದಾಗ ಏಳುವ ಆ ಹುಳಿ ವಾಸನೆ ಎಲ್ಲರಿಗೂ ಅಡುಗೆಮನೆಯನ್ನು ನೆನಪಿಸುತ್ತದೆ. ನನಗೆ ಮಾತ್ರ ಒಂದು ಮೋಟಾರು ಗ್ಯಾರೇಜು ಕಣ್ಣ ಮುಂದೆ ಬರುತ್ತದೆ.

ಸೊಸೆ ಒಂದು ತಾಟನ್ನು ಬಿಸಿಲಿಗೆ ಹಿಡಿದು ಆಚೀಚೆ ತಿರುಗಿಸಿದಳು. "ಮಾವನವರ, ಇದರ ಮ್ಯಾಲೆ ಚುಕ್ಕಿ ಚುಕ್ಕಿ ಮಾಡಿ ಏನೋ ಹೆಸರು ಹಾಕ್ಯಾರ. ಯಾರದಿದು?"

"ಅದನ್ನ ಹೇಳಬೇಕಂದ್ರ ಮೊದಲ ಒಂದು ಮೋಟಾರಿನ ಕಥಿ ಹೇಳಬೇಕಾಗ್ತದವಾ," ಎಂದೆ.

ಅವಳು ನಕ್ಕು ಮತ್ತೆ ತಿಕ್ಕತೊಡಗಿದಳು. ಮುದುಕನ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ ಅಂದುಕೊಂಡಿರಬೇಕು. ನಾನು ಹೇಳಿದ್ದು ಮಾತ್ರ ಅಕ್ಷರಶಃ ನಿಜ.

ಅದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಪುಣೆಯಲ್ಲಿ. ಯುದ್ಧ ನಡೆದಷ್ಟು ದಿನ ನಾನು ಅಲ್ಲಿನ ಮಿಲಿಟರಿ ಸಾಮಾನಿನ ಡಿಪೋ ಒಂದರಲ್ಲಿ ಟೆಂಪರರಿ ಗುಮಾಸ್ತನಾಗಿದ್ದೆ. ಜರ್ಮನಿ ಸೋತಿತು, ಜಪಾನು ಸೋತಿತು, ಅವುಗಳ ಬೆನ್ನಿಗೇ ನನ್ನ ನೌಕರಿಯೂ ಹೋಯಿತು. ನಮ್ಮೂರು ಬಾಗಲಕೋಟೆಗೆ ತಿರುಗಿ ಹೋಗುವ ಹಾಗಿರಲಿಲ್ಲ. ಆ ಬೇಸಿಗೆಯಲ್ಲೇ ನನ್ನ ಮದುವೆಯಾಗಿತ್ತು, ವರ ಪುಣೆಯಲ್ಲಿ ದೊಡ್ಡ ನೌಕರಿಯಲ್ಲಿದ್ದಾನೆಂದು ಹೇಳಿಯೇ ನಮ್ಮಪ್ಪ ಹೆಣ್ಣು ತಂದಿದ್ದ. ಅಷ್ಟರಲ್ಲಿ ಸೋಮವಾರ ಪೇಠೆಯ ಬಾಬುರಾವ್ ಮಿಸ್ತ್ರಿಗಳ ಗ್ಯಾರೇಜಿನಲ್ಲಿ ಇಂಗ್ಲಿಷ್ ಪತ್ರ ಬರೆಯುವವನೊಬ್ಬ ಬೇಕೆಂದು ಗೊತ್ತಾಗಿ ಹೋಗಿ ಸೇರಿಕೊಂಡೆ. ಎಣ್ಣೆ ಮಸಿಯ ನಡುವೆ ಒಂದು ಮೇಜು, ಒಂದು ಕುರ್ಚಿ, ಒಂದು ಟೈಪ್‌ರೈಟರು. ಮಾವನವರಿಗೆ ಬರೆದ ಪತ್ರದಲ್ಲಿ ಅದನ್ನು ಮೋಟಾರು ಕಂಪನಿಯ ಕಚೇರಿ ಎಂದು ಬರೆದೆ.

ಬಾಬುರಾವ್ ಮಿರಜದ ಕಡೆಯವರು. ಮರಾಠಿಯಲ್ಲಿ ಮಾತು ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಕನ್ನಡ ಓದಲು ಮಾತ್ರ ಬರುತ್ತಿರಲಿಲ್ಲ. ಐವತ್ತರ ಹತ್ತಿರದ ದಪ್ಪ ಮನುಷ್ಯ, ಎಡಗಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲು. ನಾಲ್ಕು ವರ್ಷ ಮಿಲಿಟರಿ ಲಾರಿಗಳಿಗೆ ಹಸಿರು ಬಣ್ಣ ಬಳಿದು ಬೇಸತ್ತುಹೋಗಿದ್ದರು. "ವಾಸುರಾವ್, ಗಿಡದ ಎಲಿ ನೋಡಿದ್ರೂ ಸಿಟ್ಟು ಬರ್ತದ ನನಗ ಈಗ," ಎನ್ನುತ್ತಿದ್ದರು.

ಮನೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅದು ಮೋಟಾರಿಗೆ ಸಂಬಂಧಪಟ್ಟದ್ದು. ನಾರಾಯಣ ಪೇಠೆಯ ಒಂದು ವಾಡೆಯ ಮಾಳಿಗೆಯಲ್ಲಿ ನಮ್ಮದು ಒಂದೇ ಖೋಲಿ. ಹೆಂಡತಿಯ ಹೆಸರು ಶಾಂತಾ. ನಮ್ಮ ಕಡೆ ಗಂಡಸರು ಹೆಂಡತಿಯನ್ನು "ಏ" ಎಂದೋ "ಇಲ್ಲಿ ನೋಡು" ಎಂದೋ ಕರೆದೇ ಐವತ್ತು ವರ್ಷ ಸಂಸಾರ ಮಾಡಿ ಮುಗಿಸುತ್ತಾರೆ. ನಾನು ಪುಣೆಯ ಗಾಳಿ ಕುಡಿದ ಸುಧಾರಕ. ಹೆಸರು ಹಿಡಿದೇ ಕರೆಯಬೇಕೆಂದು ಹಟ. "ಶಾಂತಾ" ಎಂದು ಮೂರು ಸಲ ಕರೆದರೆ ಒಂದು ಸಲ ತಿರುಗುತ್ತಿದ್ದಳು. ತಿರುಗಿದಾಗಲೂ, ಯಾರನ್ನೋ ಕರೆದರೆಂದು ನೋಡುವವಳ ಹಾಗೆ ತಿರುಗುತ್ತಿದ್ದಳು. ಮೊದಲು ನಾಚಿಕೆ ಎಂದುಕೊಂಡೆ. ಆಮೇಲೆ ಬಿಗುಮಾನ ಎಂದುಕೊಂಡೆ. ಪಕ್ಕದ ಖೋಲಿಯ ಆಜಿ ಮಾತ್ರ ಖಚಿತವಾಗಿ ಕಿವಿ ಮಂದ ಎಂದು ತೀರ್ಮಾನಿಸಿ, ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಬಟ್ಟಲಲ್ಲಿ ತಂದುಕೊಟ್ಟರು. ಪಾಪ, ಮರಾಠಿ ಬಾರದ ನನ್ನ ಹೆಂಡತಿ ಅದನ್ನು ಒಗ್ಗರಣೆಗೆ ಬಳಸಿದಳು. ಆ ದಿನದ ಸಾರು ಚೆನ್ನಾಗಿತ್ತು.

ಮಾತು ಬಾರದ ಊರು, ಗುರುತಿಲ್ಲದ ಜನ, ದಿನವಿಡೀ ಒಂದೇ ಕಿಟಕಿ. ಅವಳು ಒಳಗೊಳಗೇ ಬಾಡುತ್ತಿದ್ದಾಳೆಂದು ನನಗೂ ಅನಿಸುತ್ತಿತ್ತು. ಏನು ಮಾಡಬೇಕೆಂದು ತಿಳಿಯದೆ ಸಂಜೆ ಗ್ಯಾರೇಜಿನ ಸುದ್ದಿ ಹೇಳುತ್ತಿದ್ದೆ. ಅವಳು ಬೆನ್ನು ಮಾಡಿ ಕುಳಿತು ಭಕ್ಕರಿ ಬಡಿಯುತ್ತ ಕೇಳುತ್ತಿದ್ದಳು. ಕೇಳುತ್ತಿದ್ದಾಳೆಂದು ಹೇಗೆ ಗೊತ್ತಾಗುತ್ತಿತ್ತೆಂದರೆ, ಕಥೆ ರಂಗೇರಿದಾಗ ಭಕ್ಕರಿ ಬಡಿಯುವ ಸಪ್ಪಳ ನಿಲ್ಲುತ್ತಿತ್ತು.

ಮಳೆಗಾಲದ ಮೊದಲ ವಾರ. ಕಸಬಾ ಪೇಠೆಯ ಒಂದು ಹಳೆಯ ವಾಡೆಯನ್ನು ಕೆಡವುತ್ತಿದ್ದರು. ವಾಡೆಯ ಯಜಮಾನರು ತೀರಿಕೊಂಡು, ವಾರಸುದಾರರು ಜಾಗವನ್ನು ಮಾರಿದ್ದರು. ಹಿಂದಿನ ಕೊಟ್ಟಿಗೆಯ ಗೋಡೆ ಬಿದ್ದಾಗ ಒಳಗೊಂದು ಮೋಟಾರು ಸಿಕ್ಕಿತು. "ನಮ್ಮದಲ್ಲ, ಅಪ್ಪನ ಕಾಲದಲ್ಲಿ ಯಾರೋ ಇಟ್ಟುಹೋದದ್ದು" ಎಂದರಂತೆ ವಾರಸುದಾರರು. ಎರಡು ಎತ್ತುಗಳ ಹಿಂದೆ ಹಗ್ಗ ಕಟ್ಟಿಸಿ ಬಾಬುರಾವ್ ಅದನ್ನು ಗ್ಯಾರೇಜಿಗೆ ಎಳೆತಂದರು. ಮೈತುಂಬ ಕೋಳಿಪುಕ್ಕ, ಸೀಟಿನೊಳಗೆ ಇಲಿಗೂಡು, ಕಟ್ಟಿಗೆಯ ಚಕ್ರಗಳಲ್ಲಿ ಅರ್ಧ ಕಡ್ಡಿಗಳೇ ಇಲ್ಲ. ಇಬ್ಬರು ಮಾತ್ರ ಕೂರಬಹುದಾದ ಪುಟ್ಟ ಗಾಡಿ. ಮುಂದೆ ಬಲಗಡೆ ಒಂದು ದೊಡ್ಡ ದೀಪ. ಎಡಗಡೆ ದೀಪವಿರಬೇಕಾದಲ್ಲಿ ಬರಿಯ ಕಬ್ಬಿಣದ ಕೊಕ್ಕೆ.

ಬಾಬುರಾವ್ ಮಳೆಯಲ್ಲೇ ನಿಂತು ಅದನ್ನು ಒಂದು ಸುತ್ತು ಹಾಕಿದರು, ಮತ್ತೊಂದು ಸುತ್ತು ಹಾಕಿದರು. ಆಮೇಲೆ ಕೈಕಾಲು ತೊಳೆದುಕೊಂಡು ಬಂದು ಮುಟ್ಟಿದರು. ಕಂಪನಿ ಫ್ರಾನ್ಸಿನದು, ಹೆಸರು ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ಹೆಚ್ಚು ಕಡಿಮೆ ನಲವತ್ತು ವರ್ಷದ ಹಿಂದಿನ ಮಾಲು. ಇಂಥದ್ದನ್ನು ಅವರೂ ಚಿತ್ರದಲ್ಲಿ ಮಾತ್ರ ನೋಡಿದ್ದರಂತೆ. ಅಂದೇ ಒಂದು ಕಾಯಿದೆ ಹೊರಡಿಸಿದರು: ಮಿಲಿಟರಿ ಹರಾಜಿನಿಂದ ತಂದ ಜೀಪಿನ ಸಾಮಾನು ಗ್ಯಾರೇಜಿನ ತುಂಬ ಬಿದ್ದಿದ್ದರೂ, ಅದರ ಒಂದು ಬೋಲ್ಟು ಸಹ ಈ ಗಾಡಿಗೆ ತಾಗಕೂಡದು. ಹಾಕಿದರೆ ಇದರದೇ ಸಾಮಾನು, ಇಲ್ಲದಿದ್ದರೆ ಇಲ್ಲ.

ಆದರೆ ಮರುವಾರವೇ ಮೋಟಾರು ನೋಂದಣಿ ಕಚೇರಿಯಿಂದ ಒಬ್ಬರು ಬಂದು ವಿಚಾರಿಸಿದರು. ಗಾಡಿ ಯಾರದು, ಕಾಗದ ಎಲ್ಲಿ. ಕಾಗದವಿಲ್ಲ. ಕಚೇರಿಯ ಸಾಹೇಬರು ಕಟುವಾಗಿಯೇನೂ ಮಾತಾಡಲಿಲ್ಲ, ನಿಯಮ ಹೇಳಿದರು. ದಸರೆಯೊಳಗೆ ಮೂಲ ಯಜಮಾನರನ್ನೋ ವಾರಸುದಾರರನ್ನೋ ಹುಡುಕಿ ಬರೆಸಿಕೊಂಡು ಬರಬೇಕು. ಇಲ್ಲವಾದರೆ ವಾರಸಿಲ್ಲದ ಮಾಲೆಂದು ಹರಾಜು. ಹರಾಜಾದರೆ ಮುಂಬಯಿಯ ಗುಜರಿಯವರು ತೂಕಕ್ಕೆ ಕೊಂಡು ಒಡೆದು ಕರಗಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಬಾಬುರಾವ್ ಅಂದು ಊಟದ ಡಬ್ಬಿ ಬಿಚ್ಚಲಿಲ್ಲ.

ಅಂದು ಮಧ್ಯಾಹ್ನವೇ, ಸುಮ್ಮನೆ ಕೂರಲಾರದೆ, ಹುಣಸೆಹಣ್ಣು ತರಿಸಿ ಆ ಒಂಟಿ ದೀಪವನ್ನು ತಿಕ್ಕಲು ಕುಳಿತರು. ಗ್ಯಾರೇಜಿನಲ್ಲಿ ಪೆಟ್ರೋಲಿನ ವಾಸನೆಯ ಮೇಲೆ ಹುಣಸೆಯ ವಾಸನೆ ಎದ್ದಿತು. ದೀಪದ ಬುಡದ ಕಪ್ಪು ಕರಗಿ ಹಳದಿ ಬಂದಂತೆ ಚುಕ್ಕಿಗಳ ಸಾಲು ಕಾಣಿಸಿತು. ಬಾಬುರಾವ್ ಅದನ್ನು ಕಂಪನಿಯ ನಂಬರೆಂದು ತಿಳಿದು ಕಾಗದದ ಮೇಲೆ ಇಳಿಸಿಕೊಳ್ಳಲು ನೋಡಿದರು. ಆಗಲಿಲ್ಲ. ನನ್ನನ್ನು ಕರೆದರು.

ನಾನು ಬಗ್ಗಿ ನೋಡಿ ದಂಗಾದೆ. ಕನ್ನಡ. ದುಂಡಗೆ, ಒಂದೊಂದೇ ಚುಕ್ಕಿ ಹೊಡೆದು ಬರೆದ ಕನ್ನಡ: "ಚಿ. ತುಂಗಾ ಇವಳಿಗೆ ತಂದೆ ತಾಯಿ ಆಶೀರ್ವಾದ."

ನನಗೆ ಎಂಥ ನಗು ಬಂತೆಂದರೆ ಚಕ್ರದ ಮೇಲೆಯೇ ಕುಳಿತುಬಿಟ್ಟೆ. ನಮ್ಮ ಕಡೆ ಮಗಳ ಮದುವೆಗೆ ಕೊಡುವ ಕೊಡ, ತಾಟು, ತಂಬಿಗೆ ಯಾವುದೂ ಹೆಸರು ಹಾಕಿಸದೆ ಹೊಸಿಲು ದಾಟುವುದಿಲ್ಲ. ಕಂಚುಗಾರ ಮೊಳೆ ಹಿಡಿದು ಟಕಟಕ ಚುಕ್ಕಿ ಹೊಡೆದು ಬರೆಯುತ್ತಾನೆ. ಆದರೆ ಫ್ರಾನ್ಸಿನ ಮೋಟಾರಿನ ದೀಪವನ್ನೂ ನೀರಿನ ಕೊಡದ ಲೆಕ್ಕಕ್ಕೆ ಹಿಡಿದ ತಾಯಿಯನ್ನು ನಾನು ಕೇಳಿರಲಿಲ್ಲ.

"ಅಂದ್ರ ಇದು ಹೆಣ್ಣಮಗಳ ಗಾಡಿ," ಎಂದರು ಬಾಬುರಾವ್. ಅವರ ದನಿ ಮೆತ್ತಗಾಗಿತ್ತು. "ತುಂಗಾಬಾಯಿ. ಈಕಿನ್ನ ಹುಡಕಬೇಕು."

ಆ ಮಳೆಗಾಲ ನಾವು ಎರಡನ್ನು ಒಟ್ಟಿಗೆ ಹುಡುಕಿದೆವು, ಗಾಡಿಯ ಸಾಮಾನು ಮತ್ತು ತುಂಗಾ. ಸಾಮಾನೇ ಬೇಗ ಸಿಕ್ಕಿತು. ಟಾಂಗಾ ಚಕ್ರ ಮಾಡುವ ಬಡಗಿಯೊಬ್ಬ ಹೊಸ ಕಡ್ಡಿಗಳನ್ನು ಕೂರಿಸಿದ. ಈ ಗಾಡಿಯ ಕ್ಲಚ್ಚು ಚರ್ಮದ್ದು, ಅದನ್ನು ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಮುದುಕ ಔಡಲೆಣ್ಣೆಯಲ್ಲಿ ಮೂರು ದಿನ ನೆನೆಸಿ ಹೊಲಿದುಕೊಟ್ಟು, "ಇದು ಯಾರ ಕಾಲಿಗೆ?" ಎಂದು ಕೇಳಿದ. ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಎಂಬ ಯಂತ್ರ ಹಳೆ ಸಾಮಾನು ಮಾರುವ ಜೂನಾ ಬಜಾರಿನಲ್ಲಿ ಮುರುಕು ಗ್ರಾಮೊಫೋನುಗಳ ನಡುವೆ ಸಿಕ್ಕಿದಾಗ ಬಾಬುರಾವ್ ಅದನ್ನು ಧೋತರದ ಚುಂಗಿನಲ್ಲಿ ಸುತ್ತಿ ಎದೆಗವಚಿಕೊಂಡು ಬಂದರು.

ನಾನು ಲಂಡನ್ನಿಗೆ ಪತ್ರ ಬರೆದೆ, ಪ್ಯಾರಿಸಿಗೆ ಬರೆದೆ. ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೂ ಶ್ರಾವಣದಲ್ಲಿ ಒಂದು ಉತ್ತರ ಬಂತು. ಆ ಕಾರಖಾನೆಯಲ್ಲಿ ಕೆಲಸ ಮಾಡಿದ್ದ ಒಬ್ಬ ಮುದುಕ ದೀಪದ ನಕಾಶೆಯನ್ನು ಕೈಯಾರೆ ಬಿಡಿಸಿ ಕಳಿಸಿದ್ದ. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಹುಟ್ಟುವ ಗ್ಯಾಸಿನಿಂದ ಉರಿಯುವ ದೀಪಗಳಂತೆ ಅವು. ಗ್ಯಾಸಿನ ನಳಿಗೆ ಎರಡರಲ್ಲೂ ಒಳಮಗ್ಗುಲಿಗೆ ಇರುವುದರಿಂದ ಬಲದ್ದು ಎಡಕ್ಕೆ ಕೂರದು, ಎಡದ್ದು ಬಲಕ್ಕೆ ಕೂರದು. ಈ ಮಾದರಿಯ ಗಾಡಿಗಳು ಹಿಂದೂಸ್ತಾನಕ್ಕೆ ಬಂದದ್ದೇ ಬೆರಳೆಣಿಕೆಯಷ್ಟು ಎಂದೂ ಬರೆದಿದ್ದ. ಬಾಬುರಾವ್ ಆ ಪತ್ರವನ್ನು ಗಣಪತಿಯ ಫೋಟೋದ ಹಿಂದೆ ಸಿಕ್ಕಿಸಿ ಇಟ್ಟರು.

ನಕಾಶೆ ಹಿಡಿದು ನಾವಿಬ್ಬರೂ ತಾಂಬಟ ಆಳಿಗೆ ಹೋದೆವು. ಅದು ಪುಣೆಯ ತಾಮ್ರ ಹಿತ್ತಾಳೆ ಕೆಲಸದವರ ಓಣಿ. ಬಡಿಯುವ ಸಪ್ಪಳದಲ್ಲಿ ಮಾತಾಡಬೇಕಾದರೆ ಕೈಸನ್ನೆಯೇ ಗತಿ. ಅಲ್ಲಿ ದತ್ತೋಬಾ ಎಂಬ ಹಿರಿಯ ಕೆಲಸಗಾರ ನಕಾಶೆ ನೋಡಿದವನೇ ಸುತ್ತಿಗೆ ಕೆಳಗಿಟ್ಟ. ತಾನು ಸಣ್ಣವನಿದ್ದಾಗ ಇಂಥದೇ ಒಂದು ದೀಪಕ್ಕೆ ತನ್ನ ಅಪ್ಪ ಹೆಸರು ಹಾಕಿಕೊಟ್ಟಿದ್ದನೆಂದೂ, ಪಾತ್ರೆಯಲ್ಲದ ವಸ್ತುವಿಗೆ ಹೆಸರೇಕೆಂದು ಮನೆಯಲ್ಲಿ ಎಲ್ಲರೂ ನಕ್ಕಿದ್ದರೆಂದೂ ಹೇಳಿ ಶುಕ್ರವಾರ ಪೇಠೆಯ ಒಂದು ಮನೆಯ ಗುರುತು ಕೊಟ್ಟ.

ನಾವು ಓಡಿದೆವು ಎಂದೇ ಹೇಳಬೇಕು. ಮನೆಯ ಅಂಗಳದಲ್ಲಿ ಪೇರಲ ಗಿಡ. ಅದರ ಟೊಂಗೆಗೆ ಸರಪಳಿಯಿಂದ ತೂಗುಹಾಕಿದ ದೀಪ, ಅದರಲ್ಲಿ ಗುಬ್ಬಿಗಳಿಗೆಂದು ಹಾಕಿದ ಜೋಳ. ನಳಿಗೆ ಸರಿಯಾಗಿ ಎಡದ ದೀಪಕ್ಕೆ ಇರಬೇಕಾದ ಕಡೆಯೇ ಇತ್ತು. ಬಾಬುರಾವ್ ಅದರ ಬುಡವನ್ನು ಅಂಗಿಯ ತೋಳಿನಿಂದ ಒರೆಸಿದರು. ಅಲ್ಲೂ ಚುಕ್ಕಿಗಳ ಸಾಲು. ಆದರೆ ಅಕ್ಷರ ಮರಾಠಿಯದು, ಹೆಸರೂ ಬೇರೆ: "ಸೌ. ಸರಸ್ವತೀಬಾಯಿ."

ಮನೆಯಲ್ಲಿ ಸೊಸೆಯೊಬ್ಬಳೇ ಇದ್ದಳು. ಸರಸ್ವತಿಬಾಯಿ ಅಂದರೆ ತನ್ನ ಅತ್ತೆ, ಆಷಾಢದಲ್ಲಿ ಪಂಢರಪುರಕ್ಕೆ ಹೋದವರು ಇನ್ನೂ ಅಲ್ಲೇ ಇದ್ದಾರೆ, ನವರಾತ್ರಿಗೆ ಬರುತ್ತಾರೆ ಎಂದಳು. ಮಾವ ತನ್ನ ಗಂಡ ತೊಟ್ಟಿಲಲ್ಲಿರುವಾಗಲೇ ತೀರಿಕೊಂಡವರಂತೆ. ತುಂಗಾ ಎಂಬ ಹೆಸರು ಆ ಮನೆಯಲ್ಲಿ ಯಾರದೂ ಅಲ್ಲ, ಕೇಳಿಯೂ ಇಲ್ಲ. ಮೋಟಾರು ಇತ್ತೇ ಎಂದು ಕೇಳಿದ್ದಕ್ಕೆ, "ನಮ್ಮಲ್ಲಿ ಸೈಕಲ್ಲೂ ಇಲ್ಲ," ಎಂದಳು.

"ಹಂಗಾರ ಇದು ಇನ್ನೊಂದು ಗಾಡಿದು," ಎಂದರು ಬಾಬುರಾವ್ ಬೀದಿಗೆ ಬಂದ ಮೇಲೆ. ದೀಪ ಕೇಳಿ ತೆಗೆದುಕೊಳ್ಳಬಹುದಲ್ಲ, ಮಾದರಿ ಒಂದೇ ಎಂದೆ ನಾನು. ಅವರು ನನ್ನನ್ನು ಕನಿಕರದಿಂದ ನೋಡಿದರು. "ಒಬ್ಬಾಕಿ ಮೂಗಿನ ನತ್ತು ತಗದು ಇನ್ನೊಬ್ಬಾಕಿಗೆ ಹಾಕತಾರೇನ್ರಿ ವಾಸುರಾವ್? ತುಂಗಾಬಾಯಿ ಗಾಡಿಗೆ ತುಂಗಾಬಾಯಿ ದೀಪನೇ ಆಗಬೇಕು."

ನಾನೂ ಒಪ್ಪಿದೆ. ಆಮೇಲೆ ಒಂದು ತಿಂಗಳು ನಾವಿಬ್ಬರೂ ತುಂಗಾ ಎಂಬ ಹೆಸರಿನ ಹೆಂಗಸಿಗಾಗಿ ಪುಣೆಯಲ್ಲಿ ಹುಡುಕದ ಕನ್ನಡದವರ ಮನೆಯಿಲ್ಲ. ಹುಬ್ಬಳ್ಳಿ ಕಡೆಯ ಅರಿವೆ ವ್ಯಾಪಾರಿಗಳನ್ನು ಕೇಳಿದೆವು, ಮಂಗಳೂರು ಕಡೆಯವರ ಹೋಟೆಲುಗಳಲ್ಲಿ ಚಹಾ ಕುಡಿಯುತ್ತ ಕೇಳಿದೆವು. ಒಬ್ಬಳು ತುಂಗಾ ಸಿಕ್ಕಳು. ಅವಳಿಗೆ ಎಂಟು ವರ್ಷ. ನವರಾತ್ರಿಯ ಘಟಸ್ಥಾಪನೆ ಬಂತು. ಗಾಡಿ ಒಂದು ದೀಪ ಬಿಟ್ಟರೆ ತಯಾರಾಗಿತ್ತು. ಸಾಹೇಬರು ಕೊಟ್ಟ ಗಡುವಿಗೆ ಹತ್ತು ದಿನವೂ ಉಳಿದಿರಲಿಲ್ಲ. ಬಾಬುರಾವ್ ಕಿವಿಯ ಪೆನ್ಸಿಲನ್ನು ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಗಾಡಿಯ ಪಕ್ಕದಲ್ಲಿ ಕೂರುತ್ತಿದ್ದರು.

ಅಂಥ ಒಂದು ಸಂಜೆ ಊಟಕ್ಕೆ ಕುಳಿತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಶುಕ್ರವಾರ ಪೇಠೆಯ ದೀಪದ ಸಂಗತಿಯನ್ನು, ಕೈಗೆ ಬಂದು ತಪ್ಪಿದ್ದೆಂಬ ನಾಚಿಕೆಯಿಂದ, ಅಲ್ಲಿಯವರೆಗೆ ಹೇಳಿರಲಿಲ್ಲ. ಒಂದು ದೀಪದ ಮೇಲೆ ಚಿ. ತುಂಗಾ, ಇನ್ನೊಂದರ ಮೇಲೆ ಸೌ. ಸರಸ್ವತಿ, ಹಾಗಾಗಿ ಅದು ನಮ್ಮದಲ್ಲ ಎಂದೆ. ಭಕ್ಕರಿಯ ಸಪ್ಪಳ ನಿಂತಿತು. ಬಹಳ ಹೊತ್ತು ನಿಂತಿತು. ನೋಡಿದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮದುವೆಯಾದಾಗಿನಿಂದ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ನಗೂದು ಏನದ?" ಎಂದೆ.

"ನಿಮ್ಮ ತಾಟಿನ ಅಂಚಿನ ಮ್ಯಾಲೆ ಏನ ಬರದದ ಓದ್ರಿ."

ಸಾರು ಸರಿಸಿ ಓದಿದೆ. "ಚಿ. ಪದ್ಮಾವತಿ."

"ಈಗ ಆ ನೀರಿನ ಕೊಡದ ಮ್ಯಾಲೆ?"

"ಸೌ. ಶಾಂತಾಬಾಯಿ."

"ತಾಟು ನಮ್ಮವ್ವ ಕೊಟ್ಟದ್ದು. ಕೊಡ ನಿಮ್ಮವ್ವ ಕೊಟ್ಟದ್ದು. ನಾಕು ತಿಂಗಳಾತು, ಅದರಾಗ ಉಣ್ಣಲಿಕ್ಕತ್ತೀರಿ, ಇದರಾಗ ಕುಡೀಲಿಕ್ಕತ್ತೀರಿ. ಮನ್ಯಾಗ ಇಬ್ಬರು ಹೆಂಡ್ರು ಇದ್ದಾರೇನು ನಿಮಗ?"

ನನ್ನ ಕೈಯೊಳಗಿನ ತುತ್ತು ಅಲ್ಲೇ ನಿಂತಿತು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಅವಳ ಹೊಸ ಹೆಸರನ್ನು ಬರೆದವನು ನಾನೇ. ಹೆಣ್ಣು ತವರು ಬಿಡುವಾಗ ಆ ಹೆಸರನ್ನೂ ಬಿಟ್ಟು ಬರುತ್ತಾಳೆಂದು ಗೊತ್ತಿಲ್ಲದವನಲ್ಲ. ಚಿ. ಎಂದರೆ ಮದುವೆಗೆ ಮುಂಚೆ, ಸೌ. ಎಂದರೆ ಮದುವೆಯ ನಂತರ ಎಂದು ಮೂರನೆಯ ಇಯತ್ತೆಯ ಮಕ್ಕಳಿಗೂ ಗೊತ್ತು. ಬಾಬುರಾವ್‌ಗೆ ಮದುವೆಯಾಗಿ ಇಪ್ಪತ್ತೈದು ವರ್ಷ. ಇಬ್ಬರು ಶಾಣ್ಯಾ ಗಂಡಸರು ಸೇರಿ ಒಬ್ಬಳೇ ಹೆಂಗಸನ್ನು ಇಬ್ಬರೆಂದು ತಿಳಿದು ಊರೆಲ್ಲ ಅಲೆದಿದ್ದೆವು.

ಮರುದಿನ ಬೆಳಿಗ್ಗೆ ಬಾಬುರಾವ್‌ಗೆ ಹೇಳಿದಾಗ ಅವರು ಹಣೆ ಹಣೆ ಬಡಿದುಕೊಂಡರು. "ವಹಿನಿನ್ನೂ ಕರಕೊಂಡು ಬರ್ರಿ," ಎಂದರು. ಹೆಂಡತಿಯನ್ನೂ ಕರೆದುಕೊಂಡು ನಾವು ಮೂವರೂ ಶುಕ್ರವಾರ ಪೇಠೆಗೆ ಹೋದೆವು. ಸರಸ್ವತಿಬಾಯಿ ಪಂಢರಪುರದಿಂದ ಬಂದಿದ್ದರು. ಬಾಗಿಲ ಒಳಗೆ ದೇವರ ಮುಂದೆ ನಮಗೆ ಬೆನ್ನು ಮಾಡಿ ಹೂ ಕಟ್ಟುತ್ತಿದ್ದರು. ಬಾಬುರಾವ್ ಗಂಟಲು ಸರಿಪಡಿಸಿಕೊಂಡು ಭಾಷಣಕ್ಕೆ ಸಿದ್ಧರಾಗುತ್ತಿದ್ದರು. ನನ್ನ ಹೆಂಡತಿ ಕೈಯಿಂದ ಅವರನ್ನು ತಡೆದಳು. ಹೊಸಿಲ ಹೊರಗೇ ನಿಂತು, ಬಾವಿಕಟ್ಟೆಯಲ್ಲಿ ಗೆಳತಿಯನ್ನು ಕರೆಯುವ ಹಾಗೆ, ಕನ್ನಡದಲ್ಲಿ ಒಂದೇ ಸಲ ಕರೆದಳು.

"ತುಂಗಕ್ಕಾ."

ಹೂವಿನ ದಾರ ಕೈಯಿಂದ ಜಾರಿತು. ಆ ತಾಯಿ ತಿರುಗಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಐವತ್ತು ದಾಟಿದವರು, ಕುತ್ತಿಗೆ ಮಾತ್ರ ಹದಿನಾಲ್ಕು ವರ್ಷದವಳ ಹಾಗೆ ಥಟ್ಟನೆ ತಿರುಗಿತು.

"ಯಾರವಾ ಅದು? ನಮ್ಮಪ್ಪ ಹೋದ ಮ್ಯಾಲೆ ಈ ಹೆಸರು ಯಾರೂ ಕರದಿಲ್ಲ."

ಆಮೇಲೆ ನಮ್ಮಿಬ್ಬರು ಗಂಡಸರನ್ನು ಯಾರೂ ಕೇಳಲಿಲ್ಲ. ತುಂಗಕ್ಕ ನನ್ನ ಹೆಂಡತಿಯ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡು ಮೊದಲು ಅರ್ಧ ಗಂಟೆ ಅಳುತ್ತಲೂ ನಗುತ್ತಲೂ ಕನ್ನಡ ಮಾತಾಡಿದರು. ನಂತರ ಕಥೆ ಬಂತು. ಅವರಪ್ಪ ಗದಗದ ಹತ್ತಿ ವ್ಯಾಪಾರಿ, ಒಬ್ಬಳೇ ಮಗಳು. ಅಳಿಯನಿಗೆ ಯಂತ್ರಗಳ ಹುಚ್ಚು ಎಂದು ತಿಳಿದು ಮುಂಬಯಿಯಿಂದ ಮೋಟಾರು ತರಿಸಿದರು. "ನಮ್ಮವ್ವ ಹಟ ಹಿಡದ್ಲು, ಹಿತ್ತಾಳಿ ಸಾಮಾನು ಹೆಸರಿಲ್ಲದ ಹೊಸ್ತಲಾ ದಾಟಬಾರದು ಅಂತ. ಅಪ್ಪ ಅಂದ, ಇದು ಮೋಟಾರ ಅದಲೇ. ಅವ್ವ ಅಂದ್ಲು, ಮೋಟಾರ ಇರಲಿ, ದೀಪ ಹಿತ್ತಾಳಿ ಹೌದಲ್ಲೋ?" ಎಡದ ದೀಪ ಮಾತ್ರ ಹಡಗಿನಲ್ಲಿ ಹಿಂದೆ ಬಿದ್ದು ಮದುವೆಯ ನಂತರ ನೇರ ಪುಣೆಗೇ ಬಂತು. ಇಲ್ಲಿನ ಅತ್ತೆ, ತಾನೇನು ಕಡಿಮೆ ಎಂದು, ತಾಂಬಟ ಆಳಿಗೆ ಕಳಿಸಿ ಸೊಸೆಯ ಹೊಸ ಹೆಸರನ್ನು ಹಾಕಿಸಿದರು.

ಸಂದೂಕದಿಂದ ಒಂದು ಫೋಟೋ ತೆಗೆದು ತೋರಿಸಿದರು. ಗದಗದ ಮನೆಯ ಮುಂದೆ ಬಾಸಿಂಗ ಕಟ್ಟಿದ ಹುಡುಗ, ಹುಡುಗಿ. ನಡುವೆ ನಮ್ಮ ಗಾಡಿ, ಬಲಗಡೆ ಒಂದೇ ಒಂದು ದೀಪ. ಬಾಬುರಾವ್ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

ಗಂಡ ಗಾಡಿ ನಡೆಸುವಾಗ ತುಂಗಕ್ಕ ಎಡಗಡೆ ಕೂರುತ್ತಿದ್ದರು. ಹತ್ತು ವರ್ಷ ಹಾಗೆ ಓಡಾಡಿದರು. ಮೊದಲನೆಯ ಯುದ್ಧ ಮುಗಿಯುವಾಗ ಬಂದ ದೊಡ್ಡ ಜ್ವರದಲ್ಲಿ ಗಂಡ ತೀರಿಕೊಂಡರು. ಗಾಡಿಯನ್ನು ಗಂಡನ ಗೆಳೆಯರ ವಾಡೆಯಲ್ಲಿ ಇಡಿಸಿ, ಆ ಹಾದಿಯನ್ನೇ ಮತ್ತೆ ತುಳಿಯಲಿಲ್ಲ. ತಾವು ಕೂರುತ್ತಿದ್ದ ಬದಿಯ ದೀಪವನ್ನು ಮಾತ್ರ ಬಿಚ್ಚಿಸಿ ತಂದಿಟ್ಟುಕೊಂಡರು. "ಸರಸ್ವತಿ ಇಲ್ಲಿ ಸಂಸಾರ ಮಾಡಿದ್ಲು. ತುಂಗಾ ಅಲ್ಲೇ ಗಾಡಿ ಕಾಯ್ಕೋತ ಕೂತಿದ್ಲು," ಎಂದು ನಕ್ಕರು.

ಮರುದಿನ ಫೋಟೋ, ಎರಡು ದೀಪ, ತುಂಗಕ್ಕ ಎಲ್ಲರನ್ನೂ ಟಾಂಗಾದಲ್ಲಿ ಕೂರಿಸಿಕೊಂಡು ನೋಂದಣಿ ಕಚೇರಿಗೆ ಹೋದೆವು. ಸಾಹೇಬರು ಫೋಟೋ ನೋಡಿದರು, ದೀಪ ನೋಡಿದರು. ಎಲ್ಲಾ ಸರಿ, ಆದರೆ ಇದರಲ್ಲಿ ತುಂಗಾ, ನೀವು ಸರಸ್ವತಿಬಾಯಿ, ಹೇಗೆ ಒಪ್ಪುವುದು ಎಂದು ಮರಾಠಿಯಲ್ಲಿ ಕೇಳಿದರು. ತುಂಗಕ್ಕ ಅಷ್ಟೇ ಸೊಗಸಾದ ಮರಾಠಿಯಲ್ಲಿ, "ಸಾಹೇಬ, ನಿಮ್ಮ ಮನೆಯವರ ತವರಿನ ಹೆಸರೇನು?" ಎಂದರು. ಸಾಹೇಬರ ಪೆನ್ನು ನಿಂತಿತು. ನೆನಪಾಗಲು ಅರ್ಧ ನಿಮಿಷ ಬೇಕಾಯಿತು. ನೆನಪಾದಾಗ ಅವರ ಮುಖ ಬೇರೆಯೇ ಆಯಿತು. ಆ ಹೆಸರನ್ನು ನಮಗೆ ಹೇಳಲಿಲ್ಲ, ಕಾಗದವನ್ನು ಮುಂದೆ ಸರಿಸಿದರು. ಗಾಡಿಯನ್ನು ಬಾಬುರಾವ್ ಮಿಸ್ತ್ರಿಗೆ ಸಂತೋಷದಿಂದ ಕೊಟ್ಟಿದ್ದೇನೆ ಎಂದು ಬರೆಸಿ, ತುಂಗಕ್ಕ ಕೆಳಗೆ ಕನ್ನಡದಲ್ಲಿ ಒಂದು ಹೆಸರು, ಮರಾಠಿಯಲ್ಲಿ ಒಂದು ಹೆಸರು, ಎರಡೂ ಸಹಿ ಮಾಡಿದರು. ಬಾಬುರಾವ್ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಟೋಪಿಯಿಂದ ಮುಖ ಒರೆಸಿಕೊಂಡರು. ಬೆವರಂತೆ. ಅಂದು ಮೋಡ ಮುಸುಕಿ ತಂಪಾಗಿತ್ತು.

ಖಂಡೇನವಮಿ, ಅಂದರೆ ಆಯುಧಪೂಜೆಯ ದಿನ ಗ್ಯಾರೇಜಿನ ಪಾನಾ, ಸುತ್ತಿಗೆ, ನನ್ನ ಟೈಪ್‌ರೈಟರು ಎಲ್ಲಕ್ಕೂ ಚೆಂಡುಹೂವು ಏರಿಸಿದೆವು. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಗಾಡಿಯನ್ನು ಬೀದಿಗೆ ತಂದು, ಕಾರ್ಬೈಡಿಗೆ ನೀರು ಬಿಟ್ಟು, ಎರಡೂ ದೀಪ ಹಚ್ಚಿದರು. ಬೆಳ್ಳನೆಯ ಬೆಳಕು ಬುಸ್ಸೆಂದು ಎದ್ದಿತು. ಬಾಬುರಾವ್ ಮುಂದಿನ ಹ್ಯಾಂಡಲು ತಿರುಗಿಸಿದರು. ಎರಡು ಸಲ ಗಾಡಿ ಸೀನಿ ಸುಮ್ಮನಾಯಿತು. ಮೂರನೆಯ ಸಲ ಇಡೀ ಪೇಠೆಗೆ ಕೇಳುವಂತೆ ಕೆಮ್ಮಿ, ನಡುಗಿ, ಹಿಡಿದುಕೊಂಡಿತು. ಚಪ್ಪಲಿ ಹೊಲಿಯುವ ಮುದುಕ, ಟಾಂಗಾ ಬಡಗಿ, ದತ್ತೋಬಾ ಎಲ್ಲರೂ ಬಂದಿದ್ದರು. ಎಲ್ಲರೂ ತಾವೇ ಹೆತ್ತ ಮಗುವಿನ ಹಾಗೆ ಅದನ್ನು ನೋಡಿದರು.

ತುಂಗಕ್ಕ ಎಡಗಡೆ ಹತ್ತಿ ಕುಳಿತರು. ಪೆಟ್ರೋಲು ರೇಶನ್ನಿನದಾದ್ದರಿಂದ ಲಕಡೀ ಪೂಲ್ ಎಂಬ ಸೇತುವೆಯವರೆಗೆ ಹೋಗಿಬರುವುದೆಂದು ಮೊದಲೇ ಗೊತ್ತಾಗಿತ್ತು. ನಾನೂ ಹೆಂಡತಿಯೂ ಟಾಂಗಾದಲ್ಲಿ ಹಿಂದೆ ಹೋದೆವು. ಗಾಡಿ ಅಷ್ಟು ನಿಧಾನವಾಗಿ ಹೋಗುತ್ತಿತ್ತೆಂದರೆ ನಮ್ಮ ಕುದುರೆಗೆ ಬೇಸರ ಬಂದಿತ್ತು. ದಾರಿಯುದ್ದಕ್ಕೂ ತುಂಗಕ್ಕ ಮುಂದೆಯೇ ನೋಡುತ್ತ ಕುಳಿತಿದ್ದರು. ಸೇತುವೆಯ ಬಳಿ ಗಾಡಿ ನಿಂತಾಗ ಕೆಳಗಿಳಿದು ಬಂದರು. ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು.

"ನನಗ ಇಷ್ಟು ಸಾಕು. ಇನ್ನ ಈಕಿ ಕೂಡ್ಲಿ," ಎಂದು ನನ್ನ ಹೆಂಡತಿಯನ್ನು ಹತ್ತಿಸಿದರು.

ಗಾಡಿ ಸೇತುವೆಯ ಮೇಲೆ ಹೊರಟಿತು. ಅವಳು ಒಂದು ಕೈಯಿಂದ ಸೆರಗು, ಇನ್ನೊಂದು ಕೈಯಿಂದ ಸೀಟು ಹಿಡಿದಿದ್ದಳು. ಹೇಗನಿಸುತ್ತದೆ ಎಂದು ಕೇಳಬೇಕೆನಿಸಿ "ಶಾಂತಾ" ಎಂದು ಕೂಗಿದೆ. ತಿರುಗಲಿಲ್ಲ. ಎಂಜಿನ್ನಿನ ಸದ್ದು ಎಂದುಕೊಂಡು ಮತ್ತೆ ಕೂಗಿದೆ. ತಿರುಗಲಿಲ್ಲ. ಆಗ, ಗಾಡಿ ನೋಡಲು ಸೇರಿದ್ದ ಅಷ್ಟು ಜನರ ನಡುವೆ, ಅವಳ ತವರಿನಲ್ಲಿ ಅವಳವ್ವ ಕರೆಯುತ್ತಿದ್ದುದನ್ನು ಒಮ್ಮೆ ಕೇಳಿದ್ದು ನೆನಪಾಯಿತು. ಗಂಟಲೆತ್ತಿ ಕೂಗಿದೆ.

"ಪದ್ದೀ."

ಅವಳು ಥಟ್ಟನೆ ತಿರುಗಿದಳು. ಪುಣೆಯಲ್ಲಿ ನಾಲ್ಕು ತಿಂಗಳು ನನ್ನ ಜೊತೆಗಿದ್ದವಳು ಅಂದು ಮೊದಲ ಸಲ ನನ್ನನ್ನು ನೋಡಿದಳೆನಿಸಿತು. ಎರಡು ದೀಪಗಳ ಬೆಳಕು ಮುಂದೆ ಹೋಗುತ್ತಿತ್ತು, ಅವಳು ಹಿಂದೆ ತಿರುಗಿ ನಗುತ್ತಿದ್ದಳು. ಪಕ್ಕದಲ್ಲಿದ್ದ ತುಂಗಕ್ಕ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟು, "ಕಿವಿ ಮಂದ ಇದ್ದದ್ದು ನಿನಗಪಾ," ಎಂದರು.

ಪಕ್ಕದ ಖೋಲಿಯ ಆಜಿ ಮಾತ್ರ ಆಕೆಯ ಕಿವಿ ಸರಿಹೋದದ್ದು ತಮ್ಮ ಬೆಳ್ಳುಳ್ಳಿ ಎಣ್ಣೆಯಿಂದಲೇ ಎಂದು ಕೊನೆಯವರೆಗೂ ನಂಬಿದ್ದರು. ನಾವೂ ಬಿಡಿಸಿ ಹೇಳಲು ಹೋಗಲಿಲ್ಲ.

ಮೊನ್ನೆ ಮಗನ ಮದುವೆಯಲ್ಲಿ ಪುರೋಹಿತರು ಅಕ್ಕಿಯ ತಾಟು ಮುಂದಿಟ್ಟು, ಸೊಸೆಗೆ ಏನು ಹೆಸರಿಡುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವಳು, "ಆಕಿಗೆ ಹೆಸರದ. ಅದನ್ನ ಬರೀರಿ," ಎಂದಳು. ಮಗ ಇದ್ದ ಹೆಸರನ್ನೇ ಬರೆದ. ಏಕೆ ಹೀಗೆ ಎಂದು ಸೊಸೆಗೆ ಯಾರೂ ಹೇಳಿರಲಿಲ್ಲ.

ಅವಳು ಇನ್ನೂ ಆ ತಾಟನ್ನು ಹಿಡಿದೇ ಕೂತಿದ್ದಳು. ಕಥೆ ಮುಗಿಯುವಷ್ಟರಲ್ಲಿ ಹುಣಸೆ ಒಣಗಿಹೋಗಿತ್ತು. ನೀರು ಸುರಿದು ತೊಳೆದು, ಬೆರಳಿನಿಂದ ಚುಕ್ಕಿಗಳನ್ನು ಸವರುತ್ತ ಒಂದೊಂದೇ ಅಕ್ಷರ ಕೂಡಿಸಿ "ಚಿ. ಪದ್ಮಾವತಿ" ಎಂದು ಓದಿದಳು. ಎಂಟು ದಿನದಿಂದ ಅತ್ತೆ ಎಂದು ಕರೆಯುತ್ತಿದ್ದವರ ಹೆಸರು ಅವಳಿಗೆ ಗೊತ್ತಿದ್ದದ್ದು ಲಗ್ನಪತ್ರಿಕೆಯಲ್ಲಿ ಅಚ್ಚಾದದ್ದು ಮಾತ್ರ, ಸೌ. ಶಾಂತಾಬಾಯಿ.

"ಖರೇ ಹೇಳ್ತೀರೋ, ಕಥಿ ಕಟ್ಟೀರೋ ಮಾವನವರ?"

ಒಳಗಿನ ಖೋಲಿಯ ಕಡೆ ಮುಖ ಮಾಡಿ, ಹೆಚ್ಚು ಜೋರಾಗಿಯೂ ಅಲ್ಲ, ಒಂದೇ ಸಲ ಕರೆದೆ.

"ಪದ್ದೀ."

"ಬಂದೆ," ಎಂಬ ದನಿ ನನ್ನ ಮಾತು ಮುಗಿಯುವ ಮೊದಲೇ ಬಂತು.